ತಿಪ್ಪೇಶಿ ಗಿಟಾರಿನ ಜಾಕ್ ಬದಲಾಯಿಸಿದ್ದು

ನಗೋಕೆ ಹಲ್ಲೇ ಬೇಕು ಅಂತೇನಿಲ್ಲ, ಬೊಚ್ಚು ಬಾಯಾದರೂ ನಡೆಯುತ್ತೆ. ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಹಿಂದೆ ಕೂತವರು ಕೇಳಿಸಲಿಲ್ಲ ಅಂತ ಆಮೇಲೆ ಗೊಣಗಬೇಡಿ, ಎರಡು ಸಲ ಹೇಳುವವಳು ನಾನಲ್ಲ.

ಒಬ್ಬಳು ಓಬಮ್ಮ. ಅವಳಿಗೊಬ್ಬ ಮಗ, ತಿಪ್ಪೇಶಿ. ಓಬಮ್ಮನದು ಬಸ್‌ಸ್ಟ್ಯಾಂಡ್ ಹಿಂದೆ ಮಂಡಕ್ಕಿ ಮಿರ್ಚಿ ಗಾಡಿ. ಮಗ ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ಇಳಿದುಕೊಂಡಿತ್ತು. ಹಾಗಂತ ಕೆಟ್ಟವನಾ? ಛೇ ಛೇ! ಸೋಮಾರಿಯಾ? ಅದೂ ಅಲ್ಲ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. "ಹಾಲು ಉಕ್ಕುತ್ತಾ ನೋಡಲೇ" ಅಂದರೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಹಾಲು ಪೂರ್ತಿ ಉಕ್ಕಿ ಬೆಂಕಿ ಆರಿದ ಮೇಲೆ, "ಹೂಂ ಅವ್ವಾ, ಉಕ್ಕಿತು!" ಅಂತ ಸಂತೋಷವಾಗಿ ಕೂಗುತ್ತಿದ್ದ.

ಓಬಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬೈಯುವಾಗ ಬೈದರೂ ಅವಳ ಹೊಟ್ಟೆಯೊಳಗೆ ಒಂದು ಸಂಕಟ ಇತ್ತು. ನಾನು ಗಾಡಿ ತಳ್ಳುವಷ್ಟು ದಿನ ಸರಿ, ನನ್ನ ಕೈಕಾಲು ಸೋತ ಮೇಲೆ ಈ ಪೆದ್ದು ಮುಂಡೇದಕ್ಕೆ ತುತ್ತು ಹಾಕುವವರು ಯಾರು? ಈ ಚಿಂತೆಗೆ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅದಕ್ಕೇ ತಮ್ಮ ಪಾಲಯ್ಯನ ಬೆನ್ನು ಬಿದ್ದಿದ್ದಳು. ಪಾಲಯ್ಯನದು ಆರ್ಕೆಸ್ಟ್ರಾ. ಮದುವೆ, ಮುಂಜಿ, ಗಣಪತಿ ಪೆಂಡಾಲು, ಎಲ್ಲಿ ಕರೆದರೂ ಟೆಂಪೋ ಕಟ್ಟಿಕೊಂಡು ಹೋಗಿ, ಕೆಂಪು ಕರೆಂಟು ಗಿಟಾರು ಹೆಗಲಿಗೆ ಹಾಕಿಕೊಂಡು ಬಾರಿಸುವವನು.

"ತಮ್ಮಾ, ನಿನ್ ಅಳಿಯನ್ನ ನಿನ್ ತಂಡಕ್ಕೆ ಹಾಕ್ಕೊಳ್ಳೋ!"

"ಅಕ್ಕಾ, ಇವನ್ನ ಹಾಕ್ಕೊಂಡ್ರೆ ಆರ್ಕೆಸ್ಟ್ರಾ ಹೋಗಿ ಸರ್ಕಸ್ ಆಗುತ್ತೆ!"

ಹೀಗೇ ನಡೆದಿತ್ತು. ಕೊನೆಗೆ ಒಂದು ದಿನ ಬೆಳಗ್ಗೆ ಪಾಲಯ್ಯನೇ ಗಾಡಿ ಹತ್ತಿರ ಬಂದ. ಹೆಗಲಲ್ಲಿ ಗಿಟಾರು, ಮುಖದಲ್ಲಿ ಸಿಡುಕು. ಗಿಟಾರಿಗೆ ರೋಗ ಬಂದಿತ್ತು. ಆಂಪ್ಲಿಫೈಯರಿನಿಂದ ಬರುವ ವೈರಿನ ತುದಿಗೆ ಒಂದು ಪಿನ್ ಇರುತ್ತೆ. ಆ ಪಿನ್ ಚುಚ್ಚೋಕೆ ಗಿಟಾರಿನಲ್ಲಿರುವ ತೂತಿಗೆ ಜಾಕ್ ಅಂತಾರೆ. ಆ ಜಾಕ್ ಸಡಿಲಾಗಿ ತುಕ್ಕು ಹಿಡಿದಿತ್ತು. ತಂತಿ ಮೀಟಿದರೆ ಝೇಂಯ್ ಅನ್ನಬೇಕಾದ ಬಾಕ್ಸು ಕರ್ರ್ ಪರ್ರ್ ಅನ್ನುತ್ತಿತ್ತು.

"ನೋಡಕ್ಕಾ," ಅಂದ ಪಾಲಯ್ಯ, "ಸಂಜೆ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ ಪ್ರೋಗ್ರಾಂ ಐತೆ. ನಾನು ಸ್ಟೇಜ್ ಕಟ್ಟಿಸೋಕೆ ಹೋಗ್ಬೇಕು. ಇವ ಇದನ್ನ ದಾದಾಪೀರ್ ಸಾಬ್ರ ಅಂಗಡಿಗೆ ಒಯ್ದು ಹೊಸ ಜಾಕ್ ಹಾಕಿಸ್ಕೊಂಡು ಬರ್ಲಿ. ಸಂಜೆ ಗಿಟಾರು ನುಡಿದ್ರೆ ಇವತ್ತಿಂದ ಇವ ನನ್ ತಂಡದವ. ನಾ ಉಣ್ಣೋ ಕಡೆ ಇವನೂ ಉಣ್ತಾನೆ. ನುಡೀಲಿಲ್ಲ ಅಂದ್ರೆ ಮತ್ತೆ ಈ ಮಾತು ನನ್ ಕಿವಿ ಮೇಲೆ ಹಾಕಬ್ಯಾಡ!"

ಓಬಮ್ಮ ತಮ್ಮನ ಹೆಗಲಿಂದ ಗಿಟಾರು ಇಳಿಸಿ ಮಗನ ಕೈಗೆ ಕೊಟ್ಟಳು. ದಾದಾಪೀರ್ ಸಾಬರ ರಿಪೇರಿ ಅಂಗಡಿ ಇದ್ದದ್ದು ಅವಳ ಗಾಡಿಯ ಎದುರಿಗೇ, ರಸ್ತೆ ದಾಟಿದರೆ ಸಾಕು. ಆದರೂ ಮಗನ ಮೇಲೆ ಅವಳಿಗೆ ಭರವಸೆ ಇಲ್ಲ.

"ಲೇ ತಿಪ್ಪೇಶಿ, ಎಲ್ಲೂ ತಾಗಿಸಬ್ಯಾಡ! ಎಳೇ ಕೂಸನ್ನ ನೋಡ್ಕೊಂಡಂಗೆ ನೋಡ್ಕೋ!"

"ಹೂಂ ಅವ್ವಾ!" ಅಂದ ತಿಪ್ಪೇಶಿ.

ಎಳೇ ಕೂಸು ಅಂದಮೇಲೆ ಹಾಗೇ ಎತ್ತಿಕೊಂಡು ಹೋಗೋಕಾಗುತ್ತಾ? ಬಾಣಂತಿ ಮನೆಗಳನ್ನು ಅವನೂ ಕಂಡಿದ್ದ. ಅವ್ವ ಅತ್ತ ಕಡಲೆಹಿಟ್ಟು ಕಲಸುತ್ತಿದ್ದಾಗ ಇತ್ತ ಕಾಲು ಚಾಚಿ ಕೂತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಬಾಣಲೆಗೆ ಹಾಕಲು ಇಟ್ಟಿದ್ದ ಕಡಲೆಕಾಯಿ ಎಣ್ಣೆ ತಗೊಂಡು ನೆತ್ತಿಯಿಂದ ಬುಡದವರೆಗೂ ತಿಕ್ಕಿದ. ಕತ್ತು ತಿಕ್ಕಿದ, ಬೆನ್ನು ತಿಕ್ಕಿದ. ಒಲೆಯಿಂದ ಕೆಂಡ ತೆಗೆದು ಸಾಂಬ್ರಾಣಿ ಹಾಕಿ ಹೊಗೆ ಹಿಡಿದ. ಅವ್ವನ ಹಳೇ ಸೀರೆ ಸುತ್ತಿ, ದೃಷ್ಟಿ ತಾಗದಿರಲಿ ಅಂತ ಕಾಡಿಗೆ ಬೊಟ್ಟಿಟ್ಟು, ಜೋಗುಳ ಹಾಡುತ್ತ ರಸ್ತೆ ದಾಟಿದ.

ದಾದಾಪೀರ್ ಸಾಬರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ದೊಡ್ಡ ಕಪ್ಪು ಕನ್ನಡಕ. ಸಣ್ಣ ಕೆಲಸ ಕಾಣಿಸುತ್ತಿರಲಿಲ್ಲ, ಕೈಯಲ್ಲಿ ಮುಟ್ಟಿಯೇ ನೋಡಬೇಕು. ಮುಟ್ಟಿದರು. ಕೈ ಜಾರಿತು.

"ಯಾ ಅಲ್ಲಾ! ಏನಿದು, ಗಿಟಾರೋ ಹಲ್ವಾನೋ?"

"ಎಳೇ ಕೂಸು ಚಾಚಾ! ಎಣ್ಣೆ ಹಚ್ಚಿದೀನಿ, ಹೊಗೆ ಹಾಕಿದೀನಿ. ನೀರು ಹಾಕಿಲ್ಲ, ತಣ್ಣೀರು ಹಾಕಿದ್ರೆ ಶೀತ ಆಗುತ್ತಲ್ಲ!"

ಸಾಬರು ಕೂಗಿದ ಕೂಗಿಗೆ ಓಬಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೋಡಿದಳು. "ಅಯ್ಯೋ ನನ್ ಕರ್ಮವೇ! ಕೂಸಲ್ಲಲೇ ಅದು, ಮಿಷಿನ್ನು! ಮಿಷಿನ್ನಿಗೆ ಜಿಡ್ಡು ಆಗಲ್ಲ! ಜಿಡ್ಡು ಕಂಡಲ್ಲಿ ಒಣ ಬಟ್ಟೇಲಿ ಒರೆಸಬೇಕು! ಒಂಚೂರೂ ಉಳೀಬಾರದು!"

"ಮೊದ್ಲೇ ಹೇಳಬಾರದಾ ಅವ್ವಾ!" ಅಂದ ತಿಪ್ಪೇಶಿ. ಅವನ ಮಾತಲ್ಲೂ ನ್ಯಾಯ ಇದೆ ನೋಡಿ. ಕೂತು ಒರೆಸಿದ, ಒರೆಸಿದ, ಗಿಟಾರು ಫಳಫಳ ಅನ್ನುವ ಹಾಗೆ ಒರೆಸಿದ. ಒಳಗೆ ಎಣ್ಣೆ ಹೋಗಿರಲಿಲ್ಲ, ಅದೊಂದು ಪುಣ್ಯ.

ಸಾಬರು ಸಮಾಧಾನ ತಂದುಕೊಂಡು, "ಬೇಟಾ, ನನಗೆ ಕಣ್ಣು ಕಾಣ್ಸಲ್ಲ. ನಾ ಹೇಳ್ತೀನಿ, ನೀ ಮಾಡು. ಪಕ್ಕದ ಅಂಗಡೀಲಿ ನನ್ ಹೆಸರು ಹೇಳಿ ಒಂದು ಹೊಸ ಜಾಕ್, ಒಂಚೂರು ಸೀಸದ ತಂತಿ, ಬೆಸುಗೆ ಹಾಕೋ ಪೇಸ್ಟು ಒಂದು ಡಬ್ಬಿ ಇಸ್ಕೊಂಡು ಬಾ" ಅಂದರು.

ಹೋದ. ಬಂದ. ಜಾಕ್ ಇತ್ತು. ತಂತಿ ಇತ್ತು. ಡಬ್ಬಿಯೂ ಇತ್ತು. ಸಾಬರು ಮುಚ್ಚಳ ತೆಗೆದು ಬೆರಳು ಆಡಿಸಿದರು. ತಳ ಸಿಕ್ಕಿತು, ಪೇಸ್ಟು ಸಿಗಲಿಲ್ಲ.

"ಪೇಸ್ಟ್ ಎಲ್ಲಿ?"

"ಜಿಡ್ಡು ಜಿಡ್ಡು ಇತ್ತು ಚಾಚಾ. ಒರೆಸಿಬಿಟ್ಟೆ! ಒಂಚೂರೂ ಉಳಿಸಿಲ್ಲ!"

"ಲೇ ಹುಚ್ಚಪ್ಪಾ! ಆ ಜಿಡ್ಡೇ ಅದರ ಜೀವ! ಅದಿಲ್ದೆ ಸೀಸ ಹಿಡಿಯಲ್ಲ! ಅಂಗಡಿಯವ ಕೊಟ್ಟಿದ್ದನ್ನ ಕೊಟ್ಟಂಗೇ ತರಬೇಕು! ಮುಚ್ಚಿದ್ದನ್ನ ಬಿಚ್ಚಬಾರದು! ತಿಳೀತಾ? ಮುಚ್ಚಿದ್ದನ್ನ ಬಿಚ್ಚಬಾರದು!"

"ತಿಳೀತು ಚಾಚಾ, ಮುಚ್ಚಿದ್ದನ್ನ ಬಿಚ್ಚಬಾರದು!"

ಒರೆಸಿದ ಬಟ್ಟೆಯನ್ನೇ ಕೆರೆದು ಸಾಬರು ಒಂದಿಷ್ಟು ಪೇಸ್ಟು ಉಳಿಸಿಕೊಂಡರು. ಆಮೇಲೆ, "ಈಗ ಹಳೇ ಜಾಕ್ ಇರೋ ಕಡೆ ಹೊಸ ಜಾಕ್ ಕೂರಿಸು ನೋಡೋಣ" ಅಂತ ಹೇಳಿ ಚಹಾ ಕುಡಿಯುತ್ತ ಕೂತರು.

ತಿಪ್ಪೇಶಿ ಗಿಟಾರನ್ನು ತಿರುಗಿಸಿ ತಿರುಗಿಸಿ ನೋಡಿದ. ಜಾಕ್ ಇರುವ ಜಾಗಕ್ಕೆ ಒಂದು ತಗಡು ಮುಚ್ಚಿ ಸ್ಕ್ರೂ ಬಿಗಿದಿದ್ದರು. ಮುಚ್ಚಿದ್ದು! ಬಿಚ್ಚುವ ಹಾಗಿಲ್ಲ! ತಲೆ ಕೆರೆದುಕೊಂಡ. ಅವ್ವನ ಗಾಡಿಯಿಂದ ಒಂದು ಮುದ್ದೆ ಕಡಲೆಹಿಟ್ಟು ತಂದು, ಹಳೇ ಜಾಕಿನ ಮೇಲೆ ಮೆತ್ತಿ, ಅದರ ಮೇಲೆ ಹೊಸ ಜಾಕ್ ಕೂರಿಸಿ, ಹೂವಿನ ದಾರದಲ್ಲಿ ಬಿಗಿಯಾಗಿ ಕಟ್ಟಿದ.

"ಆಯ್ತು ಚಾಚಾ!"

"ಇಷ್ಟು ಬೇಗ!" ಸಾಬರು ಖುಷಿಯಾಗಿ ಕೈಯಾಡಿಸಿದರು. ಬೆರಳಿಗೆ ಹಿಟ್ಟು ಮೆತ್ತಿತು. ಮೂಸಿದರು. "ಇದೇನಲೇ, ಓಂಕಾಳು ವಾಸನೆ?"

"ಅವ್ವ ಹಿಟ್ಟಿಗೆ ಓಂಕಾಳು ಹಾಕ್ತಾಳೆ ಚಾಚಾ!"

"ತೋಬಾ ತೋಬಾ! ಒಬ್ಬರ ತಲೆ ಮೇಲೊಬ್ಬರು ಕೂತಂಗೆ ಕೂರಿಸಿದೀಯಲ್ಲೋ! ಹಳೇದು ಹೊರಗೆ ಬರಬೇಕು, ಹೊಸದು ಒಳಗೆ ಹೋಗಬೇಕು! ಬಿಚ್ಚದೆ ಕೆಲಸ ಹೆಂಗಾಗುತ್ತೆ? ಸ್ಕ್ರೂ ಇದ್ರೆ ಬಿಚ್ಚಬೇಕು ಕಣೋ! ಸ್ಕ್ರೂ ಇರೋದೇ ಬಿಚ್ಚೋಕೆ!"

ಹೀಗೆ ಹೇಳಿ ಹಿಟ್ಟು ತೊಳೆಯಲು ನಲ್ಲಿಯ ಕಡೆ ಹೋದರು. ಇದನ್ನು ಯಾರಿಗಾದರೂ ಹೇಳುವ ಮಾತೇ? ಅದೂ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದ ತಿಪ್ಪೇಶಿಗೆ! ಗಿಟಾರಿನ ತಗಡಿನ ಸ್ಕ್ರೂ ಬಿಚ್ಚಿದ. ಸರಿ. ಅಲ್ಲಿಗೆ ನಿಲ್ಲಿಸಬೇಕಲ್ಲ? ಮೇಜಿಗೆ ಸ್ಕ್ರೂ ಇತ್ತು, ಬಿಚ್ಚಿದ. ಗೋಡೆಯ ಶೆಲ್ಫಿಗೆ ಇತ್ತು, ಬಿಚ್ಚಿದ. ಸಾಬರ ಕುರ್ಚಿಗೂ ಇತ್ತು, ಬಿಡುತ್ತಾನಾ? ರಸ್ತೆ ದಾಟಿ ಅವ್ವನ ಗಾಡಿ ನೋಡಿದ. ಬೋರ್ಡಿಗೆ ಸ್ಕ್ರೂ! ಬಿಚ್ಚಿದ!

ಸಾಬರು ಬಂದು ಕುರ್ಚಿಯಲ್ಲಿ ಕೂತರು. ಕುರ್ಚಿ ನಾಲ್ಕು ದಿಕ್ಕಿಗೆ ಹೋಯಿತು, ಸಾಬರು ನೆಲಕ್ಕೆ ಹೋದರು. ಆ ಸದ್ದಿಗೆ ಶೆಲ್ಫು ಧಡ್! ಎದುರುಗಡೆ ಗಾಡಿಯ ಬೋರ್ಡು ಹಿಟ್ಟಿನ ಪಾತ್ರೆಯೊಳಗೆ ಛಪ್! ಓಬಮ್ಮನ ಮುಖವೆಲ್ಲ ಕಡಲೆಹಿಟ್ಟು, ಇನ್ನೇನು ಎಣ್ಣೆಗೆ ಬಿಡುವುದೊಂದು ಬಾಕಿ.

"ಲೇಯ್!" ಅಂತ ಒಂದು ಕೂಗು ಈ ಕಡೆಯಿಂದ, "ಲೇಯ್!" ಅಂತ ಒಂದು ಕೂಗು ಆ ಕಡೆಯಿಂದ. ತಿಪ್ಪೇಶಿ ನಡುವೆ ನಿಂತು, ಯಾರಿಗೆ ಮೊದಲು ಓಗೊಡಬೇಕು ಅಂತ ತಿಳಿಯದೆ ರಸ್ತೆಗೇ "ಹೂಂ!" ಅಂದ.

ಸಾಬರು ಸೊಂಟ ಹಿಡಿದುಕೊಂಡು ಎದ್ದರು. ಅಷ್ಟಾದರೂ ಅವರಿಗೆ ಹುಡುಗನ ಮೇಲೆ ಸಿಟ್ಟಿಗಿಂತ ನಗುವೇ ಜಾಸ್ತಿ ಬರುತ್ತಿತ್ತು. ನೆಲದ ಮೇಲೇ ಕೂತು, ಗಿಟಾರನ್ನು ಮಧ್ಯೆ ಇಟ್ಟುಕೊಂಡು ಹೇಳಿದರು: "ತಗಡಿನ ಹಿಂದೆ ನೋಡು, ಎರಡು ವೈರ್ ಐತೆ. ಒಂದು ಜಾಕಿನ ನಾಲಿಗೆಗೆ ಹೋಗುತ್ತೆ, ಇನ್ನೊಂದು ಅದರ ಮೈಗೆ. ಅದಲು ಬದಲಾದ್ರೆ ಮುಗೀತು. ಎರಡೂ ಒಂದೇ ಥರ ಕಾಣ್ತವಾ?"

"ಒಂದೇ ಥರ ಚಾಚಾ! ಅವಳಿ ಜವಳಿ!"

"ಹಂಗಾದ್ರೆ ಇದು ನೆನಪಿಟ್ಕೋ. ಒಂದೇ ಥರ ಎರಡು ಇದ್ರೆ ಒಂದಕ್ಕೆ ಗುರುತು ಹಚ್ಚಬೇಕು. ನನ್ ಎಲೆಡಿಕೆ ಡಬ್ಬೀಲಿ ಸುಣ್ಣ ಐತೆ, ನಾಲಿಗೆ ಕಡೆ ವೈರಿಗೆ ಒಂದು ಬೊಟ್ಟು ಹಚ್ಚು."

ಹಚ್ಚಿದ. ಸರಿಯಾಗಿಯೇ ಹಚ್ಚಿದ. ಸಾಬರು ಹೇಳಿದಂತೆ ಬೆಸುಗೆ ಹಾಕುವ ಕಾದ ಕಡ್ಡಿ ಮುಟ್ಟಿಸಿ ಹಳೇ ಬೆಸುಗೆ ಕರಗಿಸಿ ಹಳೇ ಜಾಕ್ ಹೊರಗೆ ತೆಗೆದ. ಕೈ ನಡುಗಲಿಲ್ಲ. ಕೈ ಚೆನ್ನಾಗಿತ್ತು ಕಣ್ರೀ ಅವನದು! ಸಾಬರು, "ಶಹಬ್ಬಾಸ್! ಕಡ್ಡಿ ಇನ್ನೂ ಕಾಯ್ಲಿ" ಅಂತ ಗೋಡೆಗೊರಗಿ ಒಂದು ಗಳಿಗೆ ತೂಕಡಿಸಿದರು. ತಿಪ್ಪೇಶಿ ಸುಮ್ಮನೆ ಕೂತು ನೋಡಿದ. ಸಾಬರ ಕನ್ನಡಕದಲ್ಲಿ ಗಾಜು ಎರಡು. ಎರಡೂ ಕಪ್ಪು. ಎರಡೂ ಒಂದೇ ಥರ!

ಸಾಬರು ಕಣ್ಣು ಬಿಟ್ಟರು. ಎಡಗಡೆ ಕಂಡಿತು. ಬಲಗಡೆ ಬರೀ ಬಿಳಿ.

"ಹೋಯ್ತು! ನನ್ ಕಣ್ಣು ಹೋಯ್ತು! ಓಬಮ್ಮಾ, ಆಪರೇಷನ್ ಮಾಡಿದ ಕಣ್ಣು ಹೋಯ್ತು!"

ಓಬಮ್ಮ ಮತ್ತೆ ಓಡಿ ಬಂದಳು, ನೋಡಿದಳು, ಕನ್ನಡಕ ಕಿತ್ತು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದಳು. ಸಾಬರ ಕಣ್ಣು ಬಂತು.

"ಸುಣ್ಣ ಹಚ್ಚಿದ್ದು ಯಾಕಲೇ?"

"ಬಲಗಡೆ ಗಾಜು ಯಾವುದು ಅಂತ ಮರೆತುಹೋದ್ರೆ ಅವ್ವಾ?"

"ಮೂಗಿನ ಮೇಲೇ ಕೂತಿರೋದು ಎಲ್ಲಿಗಲೇ ಹೋಗುತ್ತೆ!" ಅಂತ ಓಬಮ್ಮ ಅವನ ತಲೆಗೊಂದು ಕೊಟ್ಟಳು. ಸಾಬರು ತಡೆದರು. "ಬಿಡು ತಂಗಿ. ಲೇ, ಇನ್ಮೇಲೆ ಆ ಕಡೆ ಈ ಕಡೆ ನೋಡಬಾರದು. ಬೆಸುಗೆ ಹಾಕೋವಾಗ ಕಣ್ಣು ಬೆಸುಗೆ ಮೇಲೇ ಇರಬೇಕು. ವೈರಿಗೆ ಸೀಸ ಬಿಟ್ಟ ಮೇಲೆ ಅದು ಗಟ್ಟಿ ಆಗೋತನಕ ಅಲ್ಲಾಡಬಾರದು, ಮಾತಾಡಬಾರದು, ಉಸಿರೂ ಬಿಡಬಾರದು! ಸಾಕು ಅಂತ ನಾ ಹೇಳ್ತೀನಿ."

ತಿಪ್ಪೇಶಿ ಕೂತ. ಹೊಸ ಜಾಕಿನ ನಾಲಿಗೆಗೆ ಸುಣ್ಣದ ವೈರು, ಮೈಗೆ ಇನ್ನೊಂದು. ಕಾದ ಕಡ್ಡಿ ತಾಗಿಸಿದ, ಪೇಸ್ಟು ಚುರ್ ಅಂತು, ಸೀಸ ಕರಗಿ ಹನಿಯಾಗಿ ಕೂತಿತು. ತಿಪ್ಪೇಶಿ ಕಲ್ಲಾದ. ಸಾಕು ಅನ್ನುವಷ್ಟರಲ್ಲಿ ಸಾಬರ ಅಂಗಡಿಗೆ ಯಾರೋ ಒಬ್ಬಳು ಕೆಟ್ಟ ಮಿಕ್ಸಿ ತಂದಳು. ಸಾಬರು ಮಿಕ್ಸಿ ಮಾತಿಗೆ ಹೋದರು, ಸಾಕು ಅನ್ನುವುದು ಮರೆತೇ ಹೋಯಿತು.

ಎದುರುಗಡೆ ಓಬಮ್ಮ ಬಾಣಲೆಯಲ್ಲಿ ಮಿರ್ಚಿ ಬಿಟ್ಟು ನೀರು ತರಲು ಹೋಗಿದ್ದವಳು ನಲ್ಲಿ ಹತ್ತಿರದಿಂದಲೇ ಕೂಗಿದಳು. "ಲೇ ತಿಪ್ಪೇಶಿ, ಮಿರ್ಚಿ ತೆಗೆಯಲೇ!"

ತಿಪ್ಪೇಶಿ ಅಲ್ಲಾಡಲಿಲ್ಲ.

"ಲೇ ಕರಕಾಗ್ತವಲೇ!"

ತಿಪ್ಪೇಶಿ ಮಾತಾಡಲಿಲ್ಲ.

"ಲೇ ಹೊಗೆ ಬಂತಲೇ!"

ತಿಪ್ಪೇಶಿ ಉಸಿರೂ ಬಿಡಲಿಲ್ಲ. ಮುಖ ಕೆಂಪಾಯಿತು, ಕೆಂಪು ಹೋಗಿ ಬದನೆಕಾಯಿ ಬಣ್ಣವಾಯಿತು, ಕಣ್ಣು ಹೊರಗೆ ಬಂದವು. ಮಿಕ್ಸಿ ತಂದವಳೇ ಕಿರುಚಿದಳು: "ಸಾಬ್ರೇ, ನಿಮ್ ಹುಡುಗ ಹೋಗ್ತಾನೆ!"

"ಸಾಕು! ಸಾಕು! ಸಾಕು!" ಸಾಬರು ಬೆನ್ನಿಗೆ ಗುದ್ದಿದರು. ತಿಪ್ಪೇಶಿ ಬಿಟ್ಟ ಉಸಿರಿಗೆ ಮಿಕ್ಸಿಯ ಮುಚ್ಚಳ ಹಾರಿತು.

ಮಿರ್ಚಿ ಎಲ್ಲ ಇದ್ದಿಲು. ಓಬಮ್ಮ ಜಾಲರಿ ಸೌಟು ಹಿಡಿದೇ ಬಂದಳು. "ಕರೆದ್ರೆ ಓಗೊಡಬೇಕಲೇ ಮೂಳಾ! ಬಾ ಅಂತ ಕೂಗಿದ ಕೂಡ್ಲೇ ಕೈಯಾಗಿರೋದನ್ನ ಅಲ್ಲೇ ಬಿಟ್ಟು ಓಡಬೇಕು!"

"ಹಂಗೇ ಆಗ್ಲಿ ಅವ್ವಾ!"

ಇತ್ತ ಸಾಬರು ಬೆಸುಗೆಯನ್ನು ಬೆರಳಲ್ಲಿ ಸವರಿ ಸವರಿ ನೋಡುತ್ತಿದ್ದರು. ಉಗುರಿನಲ್ಲಿ ತಟ್ಟಿದರು. "ಓಬಮ್ಮಾ, ಬೈಯಬ್ಯಾಡ. ಮುತ್ತು ಕೂರಿಸಿದಂಗೆ ಕೂರಿಸಿದಾನೆ! ಇನ್ನು ನಟ್ಟು ಬಿಗಿದ್ರೆ ಆಯ್ತು. ಒಂದು ಕೈಯಲ್ಲಿ ಒಳಗಿಂದ ಜಾಕ್ ಹಿಡ್ಕೋ, ಇಲ್ಲಾಂದ್ರೆ ಅದೂ ತಿರುಗಿ ವೈರು ಕಿತ್ತುಹೋಗುತ್ತೆ. ಇನ್ನೊಂದು ಕೈಯಲ್ಲಿ ಹೊರಗಿಂದ ನಟ್ಟು ತಿರುಗಿಸು."

ತಿಪ್ಪೇಶಿ ಒಳಗೆ ಹಿಡಿದ, ಹೊರಗೆ ತಿರುಗಿಸಿದ. ಇನ್ನೊಂದೇ ಸುತ್ತು ಬಾಕಿ. ಆಗ ರಸ್ತೆಯಲ್ಲಿ ಮೈಕ್ ಕಟ್ಟಿದ ಆಟೋ ಬಂತು. "ಬನ್ನಿ! ಬನ್ನಿ! ಬೆಡ್‌ಶೀಟ್ ಮೇಳಕ್ಕೆ ತಪ್ಪದೆ ಬನ್ನಿ! ತಡ ಮಾಡದೆ ಈಗಲೇ ಬನ್ನಿ!"

ತಿಪ್ಪೇಶಿ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿದ. "ಬಂದೆ! ಬಂದೆ!" ಆಟೋ ಮುಂದೆ, ತಿಪ್ಪೇಶಿ ಹಿಂದೆ. ಆಟೋ "ಬನ್ನಿ!" ಅನ್ನುತ್ತೆ, ಇವನು "ಬಂದೆ!" ಅನ್ನುತ್ತಾನೆ. ಮಾರ್ಕೆಟ್ ದಾಟಿದರು, ಸ್ಕೂಲ್ ದಾಟಿದರು. ಸೀರೆ ಎತ್ತಿಕಟ್ಟಿ ಓಡಿಬಂದ ಓಬಮ್ಮ ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಅವನ ಕಿವಿ ಹಿಡಿದಳು. ಅವಳಿಗೆ ಬೈಯಲೂ ದಮ್ಮಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಆರತಕ್ಷತೆಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ.

ವಾಪಸ್ಸು ಬಂದು ಆ ಒಂದು ಸುತ್ತು ಬಿಗಿದ. ತಗಡು ಹಾಕಿದ. ಸಾಬರು ಪಿನ್ ಚುಚ್ಚಿ ಅಂಗಡಿಯ ಬಾಕ್ಸಿಗೆ ಸಿಕ್ಕಿಸಿದರು. "ಮೀಟು!"

ಝೇಂಯ್!

ವೈರು ಎಳೆದಾಡಿದರೂ ಝೇಂಯ್, ಅಲ್ಲಾಡಿಸಿದರೂ ಝೇಂಯ್! ಕರ್ರ್ ಇಲ್ಲ, ಪರ್ರ್ ಇಲ್ಲ! ಮಿಕ್ಸಿಯವಳು ಚಪ್ಪಾಳೆ ತಟ್ಟಿದಳು. ಓಬಮ್ಮ ಅಲ್ಲೇ ಕುಸಿದು ಕೂತು ಬಾಯಿಗೆ ಸೆರಗು ಹಿಡಿದು ಅತ್ತಳು. ಅಷ್ಟು ವರ್ಷದಲ್ಲಿ ಮಗನಿಂದ ಆದ ಮೊದಲ ನೆಟ್ಟಗಿನ ಕೆಲಸ ಅದು. ಅವಳಿಗಾದ ಸಂತೋಷ ಹೇಳತೀರದು.

ಇಲ್ಲಿಗೆ ಎದ್ದು ಮನೆಗೆ ಹೋಗಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಓಬಮ್ಮ ಕಣ್ಣು ಒರೆಸಿಕೊಂಡು ಸುತ್ತ ನೋಡಿದಳು. ಮೇಜಿನ ಕಾಲು ಒಂದು ಕಡೆ, ಕುರ್ಚಿಯ ಕೈ ಒಂದು ಕಡೆ, ಶೆಲ್ಫು ನೆಲದಲ್ಲಿ, ಬೋರ್ಡು ಹಿಟ್ಟಿನಲ್ಲಿ. ಅಂಗಡಿ ಹೋಗಿ ಗುಜರಿಯಾಗಿತ್ತು.

"ಥೂ, ಏನಲೇ ಈ ರಂಪ! ನಾನು ಮಖ ತೊಳೆದು ಒಳ್ಳೆ ಸೀರೆ ಉಟ್ಕೊಂಡು ಬರ್ತೀನಿ. ಸಾಬ್ರು ನಮಾಜಿಗೆ ಹೋಗಿ ಬರ್ಲಿ. ಅಷ್ಟ್ರೊಳಗೆ ಬಿಚ್ಚಿದ್ದೆಲ್ಲ ಮೊದಲಿದ್ದಂಗೆ ಜೋಡಿಸಿರಬೇಕು! ಯಾವುದು ಎಲ್ಲಿತ್ತೋ ಅಲ್ಲೇ ಇರಬೇಕು! ತಂದಿದ್ದು ಏನಾದ್ರೂ ಮಿಕ್ಕಿದ್ರೆ ತಂದ ಕಡೆ ಕೊಟ್ಟು ಬಾ! ಬೆಳಗ್ಗೆ ಹೆಂಗಿತ್ತೋ ಹಂಗೇ ಕಾಣ್ಬೇಕು ನಂಗೆ!"

"ಬೆಳಗ್ಗೆ ಹೆಂಗಿತ್ತೋ ಹಂಗೇ! ಹೂಂ ಅವ್ವಾ!"

ಅವರಿಬ್ಬರೂ ಹೋದರು. ತಿಪ್ಪೇಶಿ ಮನಸ್ಸಿಟ್ಟು ಕೆಲಸ ಮಾಡಿದ. ಕುರ್ಚಿ ಜೋಡಿಸಿದ, ಮೇಜು ಜೋಡಿಸಿದ, ಶೆಲ್ಫು ಏರಿಸಿದ, ಬೋರ್ಡು ತೊಳೆದು ಹಾಕಿದ. ಒಂದು ಸ್ಕ್ರೂ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಆಮೇಲೂ ಇನ್ನಷ್ಟು ಹೊತ್ತು ಕೂತು ಏನೋ ಮಾಡಿದ, ಪಕ್ಕದ ಅಂಗಡಿಗೂ ಹೋಗಿ ಬಂದ. ಸಾಬರು ಬಂದು ಕುರ್ಚಿಯಲ್ಲಿ ಹೆದರಿ ಹೆದರಿ ಕೂತರು. ಗಟ್ಟಿಯಾಗಿತ್ತು. ಓಬಮ್ಮ ಬಂದು ನೋಡಿ, "ನನ್ ಬಂಗಾರ!" ಅಂತ ಗಲ್ಲ ಹಿಂಡಿದಳು. ಮೂವರೂ ಗಿಟಾರು ಎತ್ತಿಕೊಂಡು ಮಂಟಪಕ್ಕೆ ನಡೆದರು.

ಮಂಟಪ ತುಂಬಿತ್ತು. ಹೆಣ್ಣು ಗಂಡು ಹಾರ ಹಾಕಿಕೊಂಡು ನಿಂತಿದ್ದರು, ಉಡುಗೊರೆ ಹಿಡಿದವರ ಸಾಲು ಬಾಗಿಲವರೆಗೂ ಇತ್ತು. ಪಾಲಯ್ಯ ಮಿಣಮಿಣ ಕೋಟು ಹಾಕಿಕೊಂಡು ಸ್ಟೇಜಿನಲ್ಲಿ ಕಾಯುತ್ತಿದ್ದ. "ಆಯ್ತಾ?" ಅಂದ. "ಆಯ್ತು! ನಾನೇ ಕಿವಿಯಾರೆ ಕೇಳಿದೀನಿ!" ಅಂದರು ಸಾಬರು. ಪಾಲಯ್ಯ ಗಿಟಾರು ಹೆಗಲಿಗೇರಿಸಿ, ಪಿನ್ ಚುಚ್ಚಿ, ಜನಕ್ಕೆ ಕೈ ಮುಗಿದು, ಕೈ ಮೇಲೆತ್ತಿ ಝಾಡಿಸಿ ಮೀಟಿದ.

ಕರ್ರ್ ಪರ್ರ್!

ಮದುಮಗಳು ಬೆಚ್ಚಿ ಮದುಮಗನ ಕೈ ಹಿಡಿದುಕೊಂಡಳು. ಪಾಲಯ್ಯ ಇನ್ನೊಮ್ಮೆ ಮೀಟಿದ. ಕರ್ರ್! ಓಬಮ್ಮನ ಮುಖ ಬಿಳಿಚಿತು. ಸಾಬರು ತಡವರಿಸುತ್ತ ಸ್ಟೇಜ್ ಹತ್ತಿ ಬೆರಳಾಡಿಸಿದರು. ತುಕ್ಕು ತಗುಲಿತು. ತಗಡು ಸಡಿಲಿಸಿ ಒಳಗೆ ಬೆರಳು ಹಾಕಿದರು. ಬೆಸುಗೆ ನುಣ್ಣಗೆ, ಗುಂಡಗೆ, ಮೊದಲಿಗಿಂತ ಚೆಂದ.

"ಪಾಲಯ್ಯಾ, ಬೆಸುಗೆ ಅದ್ಭುತ ಐತೆ," ಅಂದರು. "ಜಾಕ್ ಮಾತ್ರ ಹಳೇದು!"

"ಲೇ! ಹೊಸ ಜಾಕ್ ಎಲ್ಲಿ?"

"ಪಕ್ಕದ ಅಂಗಡಿಗೇ ಕೊಟ್ಟು ಬಂದೆ ಮಾವ!" ತಿಪ್ಪೇಶಿ ಹೆಮ್ಮೆಯಿಂದ ಹೇಳಿದ. "ಬೆಳಗ್ಗೆ ಹೆಂಗಿತ್ತೋ ಹಂಗೇ ಆಗ್ಬೇಕು ಅಂದ್ಲು ಅವ್ವ. ಬೆಳಗ್ಗೆ ಇದೇ ಇತ್ತಲ್ಲ! ಸುಣ್ಣ ಹಚ್ಚಿದ ವೈರು ನಾಲಿಗೆಗೇ ಹಾಕಿದೀನಿ, ಉಸಿರು ಬಿಟ್ಟಿಲ್ಲ!"

ಓಬಮ್ಮ ಕೆಳಗೆ ತಲೆ ಮೇಲೆ ಕೈ ಹೊತ್ತು ಕೂತಳು. ಮುಗೀತು. ತನ್ನ ಬಾಯಿಂದಲೇ ಕೆಟ್ಟಿತು. ಪಾಲಯ್ಯ ಹಲ್ಲು ಕಡಿದು ಕೈ ಎತ್ತಿದ. ಜನ ಸಿಳ್ಳೆ ಹಾಕುತ್ತಿದ್ದರು.

"ಹೊಡೀಬ್ಯಾಡ ಮಾವ! ಇದೂ ನುಡಿಯುತ್ತೆ!" ತಿಪ್ಪೇಶಿ ಮಂಡಿಯೂರಿ ಕೂತು, ಪಿನ್ನನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಒಂಚೂರು ಮೇಲಕ್ಕೆ, ಒಂಚೂರು ಎಡಕ್ಕೆ ಒತ್ತಿದ. "ಇದರ ನಾಲಿಗೆ ಎಲ್ಲಿ ತಾಗುತ್ತೆ ಅಂತ ಬಿಚ್ಚಿದೋನು ನಾನು, ನಂಗೊತ್ತು. ಈಗ ಮೀಟು!"

ಝೇಂಯ್!

ಪಾಲಯ್ಯ ಬೆರಗಾಗಿ ನೋಡಿದ. ಕೈಬಿಟ್ಟರೆ ಕರ್ರ್, ಹಿಡಿದರೆ ಝೇಂಯ್. ಯೋಚನೆ ಮಾಡಲು ಹೊತ್ತಿರಲಿಲ್ಲ.

"ಹಿಡ್ಕೋ ಹಂಗೇ! ಬಿಡಬ್ಯಾಡ! ಯಾರು ಬಂದು ಹೇಳಿದ್ರೂ ಬಿಡಬ್ಯಾಡ! ದೇವರು ಹೇಳಿದ್ರೂ ಬಿಡಬ್ಯಾಡ! ನಾನೇ ಬಿಡು ಅಂದ್ರೂ ಬಿಡಬ್ಯಾಡ!"

"ಹೂಂ ಮಾವ!"

ಅಯ್ಯೋ ಪಾಲಯ್ಯಾ, ನೀನೂ ಹೀಗಾ ಹೇಳುವುದು!

ಪ್ರೋಗ್ರಾಂ ಶುರುವಾಯಿತು. ಪಾಲಯ್ಯ ನಿಂತು ಬಾರಿಸುವವನಲ್ಲ, ಕುಣಿದು ಬಾರಿಸುವವನು. ಅವನು ಬಲಕ್ಕೆ ಹಾರಿದರೆ ತಿಪ್ಪೇಶಿ ಮಂಡಿಯಲ್ಲೇ ಬಲಕ್ಕೆ. ಅವನು ಗಿರ್ರನೆ ತಿರುಗಿದರೆ ಇವನೂ ಗಿರ್ರನೆ. ಮದುಮಗನ ಅಜ್ಜಿ ಹಲ್ಲಿನ ಸೆಟ್ಟು ಕೈಗೆ ಬರುವಷ್ಟು ನಕ್ಕಳು. ಇದು ಹೊಸ ಐಟಂ ಅಂದುಕೊಂಡ ಜನ "ಒನ್ಸ್ ಮೋರ್!" ಅಂದರು. ಪ್ರತಿ ಹಾಡಿಗೂ ಒನ್ಸ್ ಮೋರ್! ಬೀಗರೊಬ್ಬರು ಎದ್ದು ಬಂದು, ನಾಳೆ ತಮ್ಮೂರಿನ ಮದುವೆಗೂ ಇದೇ ತಂಡ ಬರಬೇಕು, ಆ ಕೂತು ಕುಣಿಯುವವನು ಇರಲೇಬೇಕು ಅಂದರು.

ಹಾಡು ಮುಗಿದವು. ಪಂಕ್ತಿ ಹಾಕಿದರು. ಪಾಲಯ್ಯ ಬೆವರು ಒರೆಸಿಕೊಂಡು, "ಸಾಕು ಅಳಿಯಾ, ಬಿಡು" ಅಂದ.

ತಿಪ್ಪೇಶಿ ಬಿಡಲಿಲ್ಲ.

"ಬಿಡಲೇ, ಆಯ್ತು!"

"ನೀನೇ ಹೇಳಿದ್ರೂ ಬಿಡಬ್ಯಾಡ ಅಂದಿದೀಯ ಮಾವ!"

"ಅಂದಿದ್ದು ನಾನೇ, ಈಗ ಬಿಡು ಅನ್ನೋದೂ ನಾನೇ!"

"ಅದಕ್ಕೇ ಬಿಡಲ್ಲ!"

ಸಾಬರು ಹೇಳಿದರು, ಬಿಡಲಿಲ್ಲ. ಓಬಮ್ಮ ಹೇಳಿದಳು, ಬಿಡಲಿಲ್ಲ. ಡ್ರಮ್ಮಿನವನು ಕಚಗುಳಿ ಇಟ್ಟ, ನಕ್ಕ, ಬಿಡಲಿಲ್ಲ. ಪಾಲಯ್ಯ ಗಿಟಾರನ್ನು ಹೆಗಲಿಂದ ತೆಗೆದು ಇವನ ತೊಡೆ ಮೇಲಿಟ್ಟ. ಹೊರಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಬೀಗರ ಊರಿಗೆ ಈಗಲೇ ಹೊರಡಬೇಕು. ಗಿಟಾರು ಬಿಟ್ಟು ಹೋಗುವ ಹಾಗಿಲ್ಲ. ಗಿಟಾರು ಹೋದರೆ ಅದಕ್ಕೆ ಅಂಟಿಕೊಂಡವನೂ ಹೋಗಬೇಕು.

ಪಾಲಯ್ಯ ಅಕ್ಕನ ಮುಖ ನೋಡಿದ, ಅಳಿಯನ ಮುಖ ನೋಡಿದ, ಒಂದು ದೊಡ್ಡ ನಿಟ್ಟುಸಿರು ಬಿಟ್ಟ. "ಏನ್ ಮಾಡ್ಲಿ ಅಕ್ಕಾ, ಹತ್ತಿಸು ಇವನ್ನ."

ಡ್ರಮ್ಮಿನವನು ಕಾಲು ಹಿಡಿದ, ಕೀಬೋರ್ಡಿನವನು ತೋಳು ಹಿಡಿದ. ಗಿಟಾರು, ತಿಪ್ಪೇಶಿ ಎರಡನ್ನೂ ಒಟ್ಟಿಗೇ ಟೆಂಪೋಗೆ ಏರಿಸಿ ಬಾಕ್ಸುಗಳ ನಡುವೆ ಕೂರಿಸಿದರು. ಓಬಮ್ಮ ಪಂಕ್ತಿಯಿಂದ ಒಂದು ಎಲೆ ಎತ್ತಿಕೊಂಡು ಓಡಿ ಬಂದಳು. "ಉಂಡಾದ್ರೂ ಹೋಗಲೇ!"

"ಕೈ ಬಿಡಂಗಿಲ್ಲ ಅವ್ವಾ!"

ಅವಳು ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಟೆಂಪೋ ಹೊರಟೇಬಿಟ್ಟಿತು. ಆಗಲೇ ಹತ್ತಿ ಕೂತಿದ್ದ ಪಾಲಯ್ಯ ಅವಳ ಕೈಯಿಂದ ಎಲೆ ಇಸಿದುಕೊಂಡು, "ಬಾಯಿ ತೆಗೆಯಲೇ" ಅಂತ ಬೈಯುತ್ತ ಎರಡನೇ ತುತ್ತು ತಾನೇ ಇಟ್ಟ. ಓಬಮ್ಮ ಬಿದ್ದು ಬಿದ್ದು ನಗುತ್ತಿದ್ದಳು, ಕಣ್ಣಲ್ಲಿ ಮಾತ್ರ ಧಾರೆ. ಅವ್ವ ಯಾಕೆ ಅಳ್ತಾಳೆ ಅಂತ ತಿಪ್ಪೇಶಿ ಯೋಚಿಸಿದ. ಕೈ ಬೀಸಿ ಹೋಗಿ ಬರ್ತೀನಿ ಅನ್ನೋಣ ಅಂದುಕೊಂಡ. ಆದರೆ ಎರಡು ಕೈಯೂ ಕೆಲಸದಲ್ಲಿದ್ದವು. ಅದಕ್ಕೇ ಪಿನ್ ಹಿಡಿದುಕೊಂಡೇ ಕಾಲೆತ್ತಿ ಬೀಸಿದ.